ಸ್ಪ್ರಿಂಗ್ ಏರ್ ರೈಫಲ್‌ಗೆ ಸ್ಕೋಪ್: ಕಡಿಮೆ ಬೆಲೆಯಲ್ಲಿ ಬಾಳಿಕೆ ಬರುವುದನ್ನು ಆರಿಸುವ ಬಗೆ

ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಮದ್ದಿಲ್ಲ, ತೋಟಾ ಇಲ್ಲ. ನಳಿಗೆಯಿಂದ ಹೊರಡುವ ಪೆಲೆಟ್ಟಿನ ತೂಕ ಅರ್ಧ ಗ್ರಾಮಿನ ಆಸುಪಾಸು. ಆದರೂ ಮದ್ದಿನ ಬಂದೂಕಿನ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪ್ ಇದರ ಮೇಲೆ ಬೇಗನೆ ಕೆಟ್ಟುಹೋಗುವುದುಂಟು. ಗೆರೆ ಓರೆಯಾಗುತ್ತದೆ, ಮಸೂರ ಸಡಿಲಾಗುತ್ತದೆ, ನಿನ್ನೆ ಸರಿಯಾಗಿ ಬೀಳುತ್ತಿದ್ದ ಏಟು ಇಂದು ಎರಡು ಬೆರಳು ಪಕ್ಕಕ್ಕೆ ಬೀಳುತ್ತದೆ. ಸ್ಪ್ರಿಂಗ್ ರೈಫಲ್‌ಗೆ ಸ್ಕೋಪ್ ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಈ ರೈಫಲ್ ಒದೆಯುವ ರೀತಿಯನ್ನು. ಅದು ಗೊತ್ತಾದರೆ ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ ಎಂಬುದು ತಾನಾಗಿ ಬಗೆಹರಿಯುತ್ತದೆ.

ಎರಡು ದಿಕ್ಕಿನ ಒದೆತ

ನಳಿಗೆಯನ್ನು ಮಡಿಚಿದಾಗ ಅಥವಾ ಲಿವರ್ ಎಳೆದಾಗ ಒಳಗಿನ ಪಿಸ್ಟನ್ ಹಿಂದಕ್ಕೆ ಸರಿದು, ದಪ್ಪ ಸ್ಪ್ರಿಂಗನ್ನು ಅದುಮಿ, ಕೊಕ್ಕೆಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಟ್ರಿಗರ್ ಎಳೆದೊಡನೆ ಕೊಕ್ಕೆ ಬಿಡುತ್ತದೆ. ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ದೂಡುವಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಸಿಲಿಂಡರಿನ ಕೊನೆಯನ್ನು ಸಮೀಪಿಸಿದಾಗ ಅದರೆದುರಿನ ಗಾಳಿ ಒತ್ತಿಕೊಂಡು ಗಟ್ಟಿಯಾಗಿ ಪಿಸ್ಟನ್ನನ್ನು ಗಕ್ಕನೆ ತಡೆಯುತ್ತದೆ. ಆ ಕ್ಷಣ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವುದರೊಳಗೆ. ಹಿಂದಕ್ಕೆ ಸರಿಯುವುದು ತುಸು ನಿಧಾನ. ಮುಂದಕ್ಕೆ ಜಗ್ಗುವುದು ಬಲು ಚುರುಕು.

ಮದ್ದಿನ ಬಂದೂಕು ಮುಖ್ಯವಾಗಿ ಹಿಂದಕ್ಕೆ ಮಾತ್ರ ಒದೆಯುತ್ತದೆ. ಅದಕ್ಕೆಂದು ತಯಾರಾದ ಸ್ಕೋಪಿನಲ್ಲಿ ಮಸೂರಗಳಿಗೆ ಆ ದಿಕ್ಕಿನ ಹೊಡೆತವನ್ನು ತಾಳುವಂತೆ ಆಸರೆ ಕೊಟ್ಟಿರುತ್ತಾರೆ. ಅದೇ ಸ್ಕೋಪ್ ಸ್ಪ್ರಿಂಗ್ ರೈಫಲ್ ಏರಿದಾಗ ಹೊಡೆತ ಎದುರು ದಿಕ್ಕಿನಿಂದಲೂ ಬರುತ್ತದೆ. ಬೆಲೆಬಾಳುವ ಸ್ಕೋಪ್ ಕೂಡ ಇಲ್ಲಿ ಸೋಲುವುದು ಇದರಿಂದಲೇ. ಬೆಲೆ ಹೆಚ್ಚು ಎಂದ ಮಾತ್ರಕ್ಕೆ ಬಾಳಿಕೆ ಹೆಚ್ಚು ಎಂಬ ಲೆಕ್ಕ ಇಲ್ಲಿ ನಡೆಯದು.

ಉಕ್ಕಿನ ಸ್ಪ್ರಿಂಗ್ ಬದಲು ಒತ್ತಿದ ಅನಿಲ ತುಂಬಿದ ಕೊಳವೆ ಇರುವ ರೈಫಲ್‌ಗಳು ಈಗ ಸಾಕಷ್ಟು ಬಂದಿವೆ. ಸುರುಳಿಯ ತಿರುಚು, ನಡುಕ ಅವುಗಳಲ್ಲಿ ಇರದಿದ್ದರೂ ಪಿಸ್ಟನ್ ಇದ್ದೇ ಇರುತ್ತದೆ. ಹಾಗಾಗಿ ಎರಡು ದಿಕ್ಕಿನ ಒದೆತವೂ ತಪ್ಪದು. ಅವಕ್ಕೂ ಇದೇ ನಿಯಮ. ಮೊದಲೇ ಗಾಳಿ ತುಂಬಿಸಿಟ್ಟುಕೊಳ್ಳುವ ಪಿಸಿಪಿ ರೈಫಲ್‌ಗಳಲ್ಲಿ ಒದೆತ ಇಲ್ಲವೆನ್ನುವಷ್ಟು ಕಡಿಮೆ. ಅವುಗಳ ಮೇಲೆ ಹೆಚ್ಚುಕಡಿಮೆ ಯಾವ ಸ್ಕೋಪಾದರೂ ನಡೆಯುತ್ತದೆ. ಒಂದೇ ಸ್ಕೋಪನ್ನು ಪಿಸಿಪಿ ಬಳಸುವವರು ಹೊಗಳಿ, ಸ್ಪ್ರಿಂಗ್ ರೈಫಲ್ ಬಳಸುವವರು ತೆಗಳುವುದಕ್ಕೆ ಇದೇ ಕಾರಣ.

ಒಳಗೆ ಕೆಡುವುದೇನು

ಸ್ಕೋಪಿನ ಹೊರ ಕೊಳವೆಯೊಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತದೆ. ತಲೆಕೆಳಗಾದ ಚಿತ್ರವನ್ನು ನೇರ ಮಾಡುವ ಮಸೂರಗಳು ಇರುವುದು ಇದರಲ್ಲೇ. ಏಟನ್ನು ತಿದ್ದಲು ತಿರುಗಿಸುವ ಮೇಲಿನ ಮತ್ತು ಪಕ್ಕದ ಟರೆಟ್ಟುಗಳ ತಿರುಪು ಒಳಕೊಳವೆಯನ್ನು ಒಂದು ಕಡೆಯಿಂದ ಒತ್ತಿದರೆ ಎದುರು ಕಡೆಯಿಂದ ಒಂದು ಸ್ಪ್ರಿಂಗ್ ಅದನ್ನು ತಿರುಪಿಗೆ ಅದುಮಿ ಹಿಡಿದಿರುತ್ತದೆ. ಈ ಸ್ಪ್ರಿಂಗ್ ದುರ್ಬಲವಾಗಿದ್ದರೆ ಪ್ರತಿ ಹೊಡೆತಕ್ಕೂ ಒಳಕೊಳವೆ ತುಸು ಎದ್ದು ಬೇರೆ ಜಾಗದಲ್ಲಿ ಕೂರುತ್ತದೆ. ಹೊರಗೆ ಏನೂ ಕಾಣದು. ಏಟುಗಳು ಮಾತ್ರ ಚದುರುತ್ತವೆ.

ಎರಡನೆಯದು ರೆಟಿಕಲ್. ಅಗ್ಗದ ಸ್ಕೋಪುಗಳಲ್ಲಿ ಅಡ್ಡ–ಉದ್ದ ಗೆರೆಗಳನ್ನು ಸಣ್ಣ ತಂತಿಯಿಂದ ಮಾಡಿರುವುದುಂಟು. ಅದು ಕಿತ್ತುಬರಬಹುದು ಅಥವಾ ಚೌಕಟ್ಟಿನ ಸಮೇತ ತಿರುಗಿಬಿಡಬಹುದು. ಗಾಜಿನ ಬಿಲ್ಲೆಯ ಮೇಲೆ ಕೊರೆದ ರೆಟಿಕಲ್‌ನಲ್ಲಿ ತುಂಡಾಗುವ ತಂತಿಯೇ ಇಲ್ಲ. ವಿವರಪಟ್ಟಿಯಲ್ಲಿ ‘ಎಚ್ಡ್ ಗ್ಲಾಸ್’ ಎಂದಿದ್ದರೆ ಅದು ಈ ಬಗೆಯದು. ಮೂರನೆಯದು ಮಸೂರಗಳನ್ನು ಹಿಡಿದಿಡುವ ಬಳೆ ಮತ್ತು ಅಂಟು. ಇವು ಸಡಿಲಾದರೆ ಸ್ಕೋಪನ್ನು ಮೆಲ್ಲಗೆ ಅಲುಗಾಡಿಸಿದಾಗ ಸದ್ದು ಕೇಳುತ್ತದೆ.

ಇಷ್ಟರಿಂದ ಒಂದು ಮಾತು ಸ್ಪಷ್ಟ: ಒಳಗೆ ಚಲಿಸುವ ಭಾಗ ಕಡಿಮೆಯಾದಷ್ಟೂ ಕೆಡಲು ಆಸ್ಪದ ಕಡಿಮೆ. ವರ್ಧನೆ ಬದಲಿಸಲಾಗದ ಸ್ಕೋಪಿನಲ್ಲಿ ಹಿಂದೆ ಮುಂದೆ ಸರಿಯುವ ಮಸೂರಗಳಿಲ್ಲ; ಆದ್ದರಿಂದ ಅದೇ ಬೆಲೆಯ ಜೂಮ್ ಸ್ಕೋಪಿಗಿಂತ ಅದು ಗಟ್ಟಿಯಾಗಿರುವ ಸಂಭವ ಹೆಚ್ಚು. ತೂಕದ ಲೆಕ್ಕವೂ ಇದೆ. 600 ಗ್ರಾಂ ತೂಗುವ ಸ್ಕೋಪ್ 300 ಗ್ರಾಂ ಸ್ಕೋಪಿಗಿಂತ ಎರಡು ಪಟ್ಟು ಬಲದಿಂದ, ತನ್ನನ್ನು ರೈಫಲ್‌ಗೆ ಕಚ್ಚಿಸಿರುವ ಮೌಂಟನ್ನು ಜಗ್ಗುತ್ತದೆ. ದೊಡ್ಡ ಮಸೂರ, ಉದ್ದ ಕೊಳವೆ, ದೀಪ, ಬ್ಯಾಟರಿ ಎಲ್ಲವೂ ತೂಕ ಕೂಡಿಸುವ ವಸ್ತುಗಳೇ.

ಹೊರಗಿನಿಂದ ನೋಡಿ ಒಳಗಿನ ಗಟ್ಟಿತನವನ್ನು ಅಳೆಯಲಾಗದು. ಆದ್ದರಿಂದ ವಾರಂಟಿ ಪತ್ರವನ್ನು ಓದಬೇಕು. ‘ಶಾಕ್‌ಪ್ರೂಫ್’ ಎಂಬ ಮಾತು ಎಲ್ಲ ಪೆಟ್ಟಿಗೆಗಳ ಮೇಲೂ ಇರುತ್ತದೆ. ಅದಕ್ಕೆ ಹೆಚ್ಚಿನ ಅರ್ಥವಿಲ್ಲ. ಸ್ಪ್ರಿಂಗ್ ಪಿಸ್ಟನ್ ಏರ್ ರೈಫಲ್ ಮೇಲೆ ಬಳಸಬಹುದು, ಬಳಸಿದರೂ ವಾರಂಟಿ ನಿಲ್ಲುತ್ತದೆ ಎಂದು ತಯಾರಕರು ಬರೆದು ಕೊಟ್ಟಿದ್ದಾರೆಯೇ ಎಂಬುದೇ ಮುಖ್ಯ. ಬ್ರಿಟನ್ನಿನ ಹಾಕ್ ಕಂಪನಿಯ ಏರ್‌ಮ್ಯಾಕ್ಸ್ ಸರಣಿ ಏರ್ ರೈಫಲ್‌ಗೆಂದೇ ತಯಾರಾದದ್ದು. ಅಮೆರಿಕದ ಲೀಪರ್ಸ್ ಕಂಪನಿ ಯುಟಿಜಿ ಹೆಸರಿನಲ್ಲಿ ಮಾರುವ ಬಗ್‌ಬಸ್ಟರ್ ಎಂಬ ಗಿಡ್ಡ ಸ್ಕೋಪ್ ಏರ್ ರೈಫಲ್ ಬಳಸುವವರಲ್ಲಿ ಹಳೆಯ ಹೆಸರು.

ಹತ್ತಿರದ ಗುರಿ ಮತ್ತು ಪ್ಯಾರಲ್ಯಾಕ್ಸ್

ಸ್ಪ್ರಿಂಗ್ ರೈಫಲ್‌ನ ಕೆಲಸವೆಲ್ಲ ಹೆಚ್ಚಾಗಿ 10ರಿಂದ 30 ಮೀಟರ್ ಒಳಗೆ. ಮದ್ದಿನ ಬಂದೂಕಿನ ಸಾಮಾನ್ಯ ಸ್ಕೋಪಿನ ಫೋಕಸ್ಸನ್ನು ಕಾರ್ಖಾನೆಯಲ್ಲೇ 100 ಗಜದ ಸುಮಾರಿಗೆ ಹೊಂದಿಸಿ ಬಿಗಿದಿರುತ್ತಾರೆ. ಅದರಲ್ಲಿ 10 ಮೀಟರಿನ ಗುರಿ ಮಸುಕಾಗಿ ಕಾಣುತ್ತದೆ. ಮಸುಕಿಗಿಂತ ದೊಡ್ಡ ತೊಂದರೆ ಪ್ಯಾರಲ್ಯಾಕ್ಸ್. ಗುರಿಯ ಚಿತ್ರವೂ ರೆಟಿಕಲ್ಲೂ ಒಂದೇ ಸಮತಲದಲ್ಲಿ ಇಲ್ಲದಿದ್ದಾಗ, ಕಣ್ಣು ತುಸು ಪಕ್ಕಕ್ಕೆ ಸರಿದರೆ ರೆಟಿಕಲ್ ಗುರಿಯ ಮೇಲೆ ಓಡಾಡಿದಂತೆ ಕಾಣುತ್ತದೆ.

ಈ ತಪ್ಪು ಎಷ್ಟಾಗಬಹುದು ಎಂದು ಲೆಕ್ಕ ಹಾಕುವುದು ಸುಲಭ. ಫೋಕಸ್ ಹೊಂದಿಸಿದ ದೂರದಿಂದ ಗುರಿಯ ದೂರವನ್ನು ಕಳೆದು, ಬಂದದ್ದನ್ನು ಫೋಕಸ್ ದೂರದಿಂದ ಭಾಗಿಸಿ, ಮುಂದಿನ ಮಸೂರದ ಅರ್ಧ ಅಗಲದಿಂದ ಗುಣಿಸಬೇಕು. 100 ಮೀಟರಿಗೆ ಹೊಂದಿಸಿದ 40 ಮಿ.ಮೀ. ಮಸೂರದ ಸ್ಕೋಪಿನಲ್ಲಿ 10 ಮೀಟರಿನ ಗುರಿ ನೋಡಿದರೆ, ಕಣ್ಣು ಪೂರ್ತಿ ಅಂಚಿಗೆ ಸರಿದಾಗ ತಪ್ಪು 18 ಮಿ.ಮೀ. ಪೆಲೆಟ್ಟಿನ ಅಗಲ 4.5 ಮಿ.ಮೀ. ಎಂದರೆ ಗುರಿ ನಾಲ್ಕು ಪೆಲೆಟ್ ಅಗಲದಷ್ಟು ತಪ್ಪಬಹುದು. 25 ಮೀಟರಿಗೆ ಹೊಂದಿಸಿದ 32 ಮಿ.ಮೀ. ಸ್ಕೋಪಿನಲ್ಲಾದರೆ ಅದೇ ತಪ್ಪು 10 ಮಿ.ಮೀ. ಮೀರುವುದಿಲ್ಲ.

ಆದ್ದರಿಂದ ಫೋಕಸ್ ಬದಲಿಸಬಹುದಾದ ಸ್ಕೋಪ್ ಉತ್ತಮ. ಇದರಲ್ಲಿ ಎರಡು ಬಗೆ. ಮುಂದಿನ ಮಸೂರದ ಸುತ್ತ ತಿರುಗುವ ಬಳೆ ಇದ್ದರೆ ಅದನ್ನು ‘ಎಒ’ ಎನ್ನುತ್ತಾರೆ. ಎಡಬದಿಯಲ್ಲಿ ಗುಬ್ಬಿ ಇದ್ದರೆ ‘ಸೈಡ್ ಫೋಕಸ್’. ಎಡಬದಿಯದು ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಅದರಲ್ಲಿ ಒಳಗೆ ಚಲಿಸುವ ಮಸೂರ ಒಂದು ಹೆಚ್ಚು. ಕಡಿಮೆ ಬೆಲೆಯ ಸ್ಕೋಪುಗಳಲ್ಲಿ ಎಒ ಬಗೆಯೇ ಸರಳ. ಎರಡರಲ್ಲೂ ಫೋಕಸ್ ಕನಿಷ್ಠ 10 ಮೀಟರಿಗೆ ಇಳಿಯಬೇಕು.

ಈಗಾಗಲೇ ಫೋಕಸ್ ಬಿಗಿದ ಸ್ಕೋಪ್ ಕೈಯಲ್ಲಿದ್ದರೆ ಖರ್ಚಿಲ್ಲದ ಒಂದು ಉಪಾಯವುಂಟು. ದಪ್ಪ ಕಾಗದದ ಬಿಲ್ಲೆಯ ನಡುವೆ 15 ಮಿ.ಮೀ. ತೂತು ಕೊರೆದು ಮುಂದಿನ ಮಸೂರದ ಮುಚ್ಚಳದೊಳಗೆ ಕೂರಿಸಬೇಕು. ಬೆಳಕು ಕಡಿಮೆಯಾಗುತ್ತದೆ, ಆದರೆ ಗುರಿ ಸ್ಪಷ್ಟವಾಗುತ್ತದೆ. ಮೇಲಿನ ಲೆಕ್ಕದ 18 ಮಿ.ಮೀ. ತಪ್ಪು 7 ಮಿ.ಮೀ.ಗೆ ಇಳಿಯುತ್ತದೆ. ಹಗಲಿನ ಅಭ್ಯಾಸಕ್ಕೆ ಇಷ್ಟು ಸಾಕು.

ವರ್ಧನೆ ಎಷ್ಟು ಬೇಕು

4×32 ಎಂದು ಬರೆದಿದ್ದರೆ ಗುರಿ ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಮಸೂರದ ಅಗಲ 32 ಮಿ.ಮೀ. ಎಂದರ್ಥ. 3–9×40 ಎಂದರೆ ವರ್ಧನೆಯನ್ನು ಮೂರರಿಂದ ಒಂಬತ್ತರವರೆಗೆ ಬದಲಿಸಬಹುದು. ಮಸೂರದ ಅಗಲವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ: 4×32ರಲ್ಲಿ 8 ಮಿ.ಮೀ., 9×40ರಲ್ಲಿ 4.4 ಮಿ.ಮೀ. ವೃತ್ತ ದೊಡ್ಡದಾದಷ್ಟೂ ಕಣ್ಣು ಸ್ವಲ್ಪ ಆಚೀಚೆಯಾದರೂ ಚಿತ್ರ ಕಪ್ಪಾಗುವುದಿಲ್ಲ.

10 ಮೀಟರಿನಲ್ಲಿ ಕಾಗದದ ಗುರಿಗೆ, 25 ಮೀಟರಿನಲ್ಲಿ ಡಬ್ಬಿಗೆ ನಾಲ್ಕರಿಂದ ಏಳು ಪಟ್ಟು ವರ್ಧನೆ ಧಾರಾಳ. ವರ್ಧನೆ ಏರಿದಂತೆ ಕೈನಡುಕವೂ ದೊಡ್ಡದಾಗಿ ಕಾಣುತ್ತದೆ; ಅದನ್ನು ಅದುಮಲು ರೈಫಲನ್ನು ಬಿಗಿಹಿಡಿದರೆ ಸ್ಪ್ರಿಂಗ್ ರೈಫಲ್ ಗುರಿ ತಪ್ಪುತ್ತದೆ. ಪೆಲೆಟ್ ನಳಿಗೆ ಬಿಡುವ ಮುನ್ನವೇ ರೈಫಲ್ ಅಲುಗಲು ಶುರುವಾಗಿರುತ್ತದೆ. ಪ್ರತಿ ಸಲವೂ ಒಂದೇ ರೀತಿ ಅಲುಗಲಿ ಎಂದೇ ಅದನ್ನು ಸಡಿಲಾಗಿ, ಅಂಗೈ ಮೇಲೆ ಇಟ್ಟುಕೊಂಡಂತೆ ಹಿಡಿಯುವುದು ರೂಢಿ.

ಹೆಚ್ಚಿನ ವರ್ಧನೆ ನಿಜಕ್ಕೂ ಬೇಕಾಗುವುದು ಫೀಲ್ಡ್ ಟಾರ್ಗೆಟ್ ಎಂಬ ಆಟದಲ್ಲಿ. ಬ್ರಿಟನ್ನಿನಲ್ಲಿ 1980ರಲ್ಲಿ ಶುರುವಾದ ಈ ಆಟದಲ್ಲಿ ತಗಡಿನ ಗುರಿಗಳನ್ನು 8ರಿಂದ 55 ಗಜಗಳವರೆಗೆ ಬೇರೆ ಬೇರೆ ದೂರದಲ್ಲಿ ನಿಲ್ಲಿಸುತ್ತಾರೆ. ದೂರ ಎಷ್ಟೆಂದು ಯಾರೂ ಹೇಳುವುದಿಲ್ಲ. ಸ್ಪರ್ಧಿಗಳು ಸ್ಕೋಪಿನ ಫೋಕಸ್ ಚಕ್ರದ ಮೇಲಿನ ಗುರುತಿನಿಂದ ಅಳೆಯುತ್ತಾರೆ. ಅದಕ್ಕೆ ಬೇಕಾದ ದೊಡ್ಡ ಸ್ಕೋಪುಗಳ ಬೆಲೆ ಮನೆಬಳಕೆಯ ರೈಫಲ್‌ನ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ. ಇನ್ನು ಒಲಿಂಪಿಕ್ಸ್ ಮಾದರಿಯ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಅಲ್ಲಿ ಇರುವುದು ಸಣ್ಣ ತೂತಿನ ಪೀಪ್ ಸೈಟ್. ಆ ದಾರಿಯಲ್ಲಿ ಮುಂದುವರಿಯುವ ಉದ್ದೇಶವಿರುವ ಹುಡುಗ ಹುಡುಗಿಯರಿಗೆ ಸ್ಕೋಪ್ ಕೊಡಿಸುವ ಅಗತ್ಯವಿಲ್ಲ.

ಕ್ಲಿಕ್ಕಿನ ಲೆಕ್ಕ

ಟರೆಟ್ ತಿರುಗಿಸಿದಾಗ ಆಗುವ ಒಂದು ಕ್ಲಿಕ್ ಸಾಮಾನ್ಯವಾಗಿ ಕಾಲು ಎಂಒಎ. ಇದು ಕೋನದ ಅಳತೆ. ಒಂದು ಎಂಒಎ ಎಂದರೆ 100 ಮೀಟರಿನಲ್ಲಿ 29 ಮಿ.ಮೀ., 10 ಮೀಟರಿನಲ್ಲಿ 2.9 ಮಿ.ಮೀ. ಹಾಗಾಗಿ 10 ಮೀಟರಿನಲ್ಲಿ ಒಂದು ಕ್ಲಿಕ್ ಏಟನ್ನು 0.7 ಮಿ.ಮೀ. ಚಿಲ್ಲರೆ ಸರಿಸುತ್ತದೆ, 25 ಮೀಟರಿನಲ್ಲಿ 1.8 ಮಿ.ಮೀ. ಏಟು 10 ಮೀಟರಿನಲ್ಲಿ 22 ಮಿ.ಮೀ. ಕೆಳಗೆ ಬೀಳುತ್ತಿದ್ದರೆ ಸುಮಾರು 30 ಕ್ಲಿಕ್ ಮೇಲಕ್ಕೆ ತಿರುಗಿಸಬೇಕು. ಕೆಲವು ಸ್ಕೋಪುಗಳಲ್ಲಿ ಮಿಲ್ ಎಂಬ ಅಳತೆ ಇರುತ್ತದೆ, 0.1 ಮಿಲ್‌ನ ಒಂದು ಕ್ಲಿಕ್ 10 ಮೀಟರಿನಲ್ಲಿ ಸರಿಯಾಗಿ 1 ಮಿ.ಮೀ.

ಒಟ್ಟು ಎಷ್ಟು ಎಂಒಎ ತಿರುಗಿಸಬಹುದು ಎಂಬುದೂ ಮುಖ್ಯ. ಸ್ಕೋಪಿನ ನಡುಗೆರೆ ನಳಿಗೆಯಿಂದ ಸುಮಾರು 45 ಮಿ.ಮೀ. ಮೇಲಿರುತ್ತದೆ. ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 25 ಮೀಟರ್ ಸಾಗುವಷ್ಟರಲ್ಲಿ 60 ಮಿ.ಮೀ.ನಷ್ಟು ಕೆಳಗಿಳಿಯುತ್ತದೆ. ಎರಡೂ ಸೇರಿ 105 ಮಿ.ಮೀ.; ಇದನ್ನು ತುಂಬಿಕೊಳ್ಳಲು ಸುಮಾರು 14 ಎಂಒಎ ಬೇಕು. 10 ಮೀಟರಿನಲ್ಲಿ ಪೆಲೆಟ್ ಇಳಿಯುವುದು 9 ಮಿ.ಮೀ. ಮಾತ್ರವಾದರೂ ದೂರ ಕಡಿಮೆಯಾದ್ದರಿಂದ ಕೋನ ಹೆಚ್ಚಾಗಿ, 18 ಎಂಒಎ ಮೀರುತ್ತದೆ. ಒಟ್ಟು 60 ಎಂಒಎ ಇರುವ ಸ್ಕೋಪಿನಲ್ಲಿ ಮಧ್ಯದಿಂದ ಮೇಲಕ್ಕೆ 30 ಸಿಗುತ್ತದೆ. ಹಾಗಾಗಿ ಇಲ್ಲಿಯವರೆಗೆ ಚಿಂತೆಯಿಲ್ಲ.

ಚಿಂತೆ ಶುರುವಾಗುವುದು ನಳಿಗೆ ಕೆಳಕ್ಕೆ ವಾಲಿದ್ದರೆ. ನಳಿಗೆ ಮಡಿಚುವ ರೈಫಲ್‌ಗಳಲ್ಲಿ, ಮುಚ್ಚಿದಾಗ ನಳಿಗೆ ಸ್ಕೋಪ್ ಕೂರುವ ರೈಲಿಗೆ ಪೂರ್ತಿ ಸಮಾನಾಂತರವಾಗಿ ನಿಲ್ಲದೆ ಕೂದಲೆಳೆಯಷ್ಟು ಕೆಳಗೆ ನೋಡುವುದು ಸಾಮಾನ್ಯ. ಜರ್ಮನಿಯ ಡಯಾನಾ ಕಂಪನಿಯ ಕೆಲವು ಮಾದರಿಗಳಿಗಂತೂ ಇದನ್ನು ಸರಿದೂಗಿಸುವ ಇಳಿಜಾರು ಮೌಂಟುಗಳೇ ಪ್ರತ್ಯೇಕವಾಗಿ ಮಾರಾಟಕ್ಕಿವೆ. ಅಂಥ ರೈಫಲ್‌ನಲ್ಲಿ ಟರೆಟ್ಟನ್ನು ಮೇಲಕ್ಕೆ ತಿರುಗಿಸುತ್ತಾ ಹೋದರೆ ತಿರುಪು ಹೊರಕ್ಕೆ ಬಂದು, ಒಳಕೊಳವೆಯನ್ನು ಅದುಮುವ ಸ್ಪ್ರಿಂಗ್ ಸಡಿಲಾಗುತ್ತದೆ. ಆಗ ಒಳ್ಳೆಯ ಸ್ಕೋಪಿನಲ್ಲೂ ಏಟು ಚದುರುತ್ತದೆ. ತಪ್ಪು ಸ್ಕೋಪಿನದೆಂದು ಬೈದು ಹೊಸದನ್ನು ತಂದರೆ ಅದರ ಗತಿಯೂ ಅದೇ. ಇದಕ್ಕೆ ಪರಿಹಾರ, ಹಿಂಬದಿ ತುಸು ಎತ್ತರವಿರುವ ಮೌಂಟ್ ಹಾಕಿ ಟರೆಟ್ಟನ್ನು ಮಧ್ಯಭಾಗದ ಹತ್ತಿರವೇ ಉಳಿಸಿಕೊಳ್ಳುವುದು.

ಮೌಂಟ್

ಸ್ಕೋಪನ್ನು ರೈಫಲ್‌ಗೆ ಕಚ್ಚಿಸುವ ಮೌಂಟಿಗೆ ಹಣ ಉಳಿಸಲು ಹೋಗಿ ನಷ್ಟ ಮಾಡಿಕೊಳ್ಳುವವರು ಹೆಚ್ಚು. ಸ್ಪ್ರಿಂಗ್ ರೈಫಲ್‌ಗಳ ಮೇಲೆ ಸಾಮಾನ್ಯವಾಗಿ 11 ಮಿ.ಮೀ. ಡವ್‌ಟೇಲ್ ತೋಡು ಕೊರೆದಿರುತ್ತಾರೆ. ಈಚಿನ ಕೆಲವು ರೈಫಲ್‌ಗಳಲ್ಲಿ ಅಡ್ಡ ಸೀಳುಗಳಿರುವ ಅಗಲವಾದ ವೀವರ್ ಅಥವಾ ಪಿಕಟಿನಿ ರೈಲು ಬರುತ್ತದೆ. ಒಂದರ ಮೌಂಟ್ ಇನ್ನೊಂದಕ್ಕೆ ಕೂರುವುದಿಲ್ಲ. ಕೊಳ್ಳುವ ಮೊದಲು ರೈಫಲ್‌ನ ರೈಲು ಯಾವುದು, ಸ್ಕೋಪ್ ಕೊಳವೆಯ ವ್ಯಾಸ ಒಂದು ಇಂಚೇ 30 ಮಿ.ಮೀ.ಯೇ ಎಂದು ನೋಡಿಕೊಂಡಿರಬೇಕು.

ರೈಫಲ್ ಮುಂದಕ್ಕೆ ಜಗ್ಗಿದಾಗ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ. ಅದರಿಂದ ಮೌಂಟ್ ಗುಂಡಿನಿಂದ ಗುಂಡಿಗೆ ಹಿಂದಕ್ಕೆ ತೆವಳುತ್ತದೆ. ಇದನ್ನು ತಡೆಯಲು ಮೌಂಟಿನ ಅಡಿಯಲ್ಲಿ ಒಂದು ಗೂಟ ಇರಬೇಕು. ಅದು ರೈಫಲ್‌ನ ಮೇಲ್ಭಾಗದ ತೂತಿನಲ್ಲಿ ಇಳಿದು ನಿಲ್ಲುತ್ತದೆ. ತೂತಿಲ್ಲದ ರೈಫಲ್‌ಗೆ ಮೌಂಟಿನ ಹಿಂದೆ ಬಿಗಿಯುವ ಪ್ರತ್ಯೇಕ ತಡೆಗಟ್ಟೆ ಸಿಗುತ್ತದೆ. ಪಿಕಟಿನಿ ರೈಲಿನಲ್ಲಿ ಮೌಂಟಿನ ಅಡ್ಡಪಟ್ಟಿ ಸೀಳಿನ ಹಿಂದಿನ ಗೋಡೆಗೆ ತಾಗುವಂತೆ ಹಿಂದಕ್ಕೆ ಒತ್ತಿ ಬಿಗಿಯಬೇಕು. ಎರಡು ಬಿಡಿ ರಿಂಗುಗಳಿಗಿಂತ ಒಂದೇ ತುಂಡಿನ ಮೌಂಟ್ ಹೆಚ್ಚು ಉದ್ದಕ್ಕೆ ಹಿಡಿಯುತ್ತದೆ. ಮೇಲ್ಮುಚ್ಚಳಕ್ಕೆ ಎರಡರ ಬದಲು ನಾಲ್ಕು ತಿರುಪು ಇದ್ದರೆ ಮತ್ತೂ ಒಳ್ಳೆಯದು. ಎತ್ತರದ ವಿಷಯದಲ್ಲಿ, ಸ್ಕೋಪಿನ ಮುಂದಿನ ಭಾಗ ರೈಫಲ್‌ಗೆ ತಾಗದಷ್ಟು ಎತ್ತರ ಸಾಕು. ನಳಿಗೆ ಮಡಿಚುವ ರೈಫಲ್ ಆದರೆ ಸ್ಕೋಪ್ ಮುಂದಕ್ಕೆ ಚಾಚಿಕೊಂಡು ಪೆಲೆಟ್ ತುಂಬುವ ಬೆರಳಿಗೆ ಅಡ್ಡ ಬರಬಾರದು. ನಳಿಗೆ ಅಲುಗದೆ ಅಡಿಯ ಲಿವರ್‌ನಿಂದ ಎಳೆಯುವ ವೈಹ್ರಾಕ್ ಎಚ್‌ಡಬ್ಲ್ಯು 97, ಏರ್ ಆರ್ಮ್ಸ್ ಟಿಎಕ್ಸ್ 200ರಂಥವುಗಳಲ್ಲಿ ಪೆಲೆಟ್ ಹಾಕುವ ಬಾಯಿ ಸ್ಕೋಪಿನ ಕೆಳಗೇ ಬರುವುದರಿಂದ ಅಲ್ಲೂ ಬೆರಳಾಡುವಷ್ಟು ಜಾಗ ಬಿಡಬೇಕು.

ಹಣ ಹಂಚುವ ಕ್ರಮ

ಮಿತ ಬಜೆಟ್ಟಿನಲ್ಲಿ ಮೊದಲ ಪಾಲು ಸ್ಪ್ರಿಂಗ್ ರೈಫಲ್‌ಗೆ ವಾರಂಟಿ ಇರುವ ಸ್ಕೋಪಿಗೆ, ಎರಡನೆಯದು ಗೂಟವಿರುವ ಮೌಂಟಿಗೆ, ಮೂರನೆಯದು ಫೋಕಸ್ ಬದಲಿಸುವ ಅನುಕೂಲಕ್ಕೆ. ವರ್ಧನೆಯ ಅಂಕಿ ಇವೆಲ್ಲದರ ಆಮೇಲೆ. ಹೊಳೆಯುವ ಕೆಂಪು ಹಸಿರು ರೆಟಿಕಲ್, 50 ಮಿ.ಮೀ. ಮಸೂರ, ಪಕ್ಕದಲ್ಲಿ ಲೇಸರ್ ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಅಗ್ಗಕ್ಕೆ ಸಿಗುತ್ತಿವೆ ಎಂದರೆ ಒಳಗಿನ ಸ್ಪ್ರಿಂಗು, ಮಸೂರದ ಹಿಡಿತಗಳಲ್ಲಿ ಉಳಿತಾಯ ಮಾಡಿದ್ದಾರೆ ಎಂದೇ ತಿಳಿಯಬೇಕು. ಮಸೂರಕ್ಕೆ ಮಾಣಿಕ್ಯದಂತೆ ಕೆಂಪಗೆ ಮಿನುಗುವ ಲೇಪ ಹಾಕಿದ್ದರೆ ಅದು ಗುಣಮಟ್ಟದ ಗುರುತಲ್ಲ. ಅದು ಕೆಂಪು ಬೆಳಕನ್ನು ಹೊರಕ್ಕೇ ಹಿಮ್ಮೆಟ್ಟಿಸುವುದರಿಂದ ಚಿತ್ರ ನೀಲಿ–ಹಸಿರು ಛಾಯೆಗೆ ತಿರುಗುತ್ತದೆ. ‘ಫುಲ್ಲಿ ಮಲ್ಟಿಕೋಟೆಡ್’ ಎಂದಿದ್ದರೆ ಗಾಳಿಗೆ ತೆರೆದ ಎಲ್ಲ ಮಸೂರ ಮೈಗಳಿಗೂ ಹಲವು ಪದರದ ಲೇಪವಿದೆ ಎಂದರ್ಥ.

ರೈಫಲ್ ಜೊತೆಗೇ ಪೆಟ್ಟಿಗೆಯಲ್ಲಿ ಬರುವ 4×32 ಸ್ಕೋಪನ್ನು ಕಲಿಕೆಗೆ ಇಟ್ಟುಕೊಳ್ಳಬಹುದು. ಅದರಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಒಳ್ಳೆಯ ಸ್ಕೋಪಿಗೆ ಸದ್ಯ ಹಣ ಸಾಲದಿದ್ದರೆ ರೈಫಲ್‌ನ ತೆರೆದ ಸೈಟಿನಲ್ಲೇ ಅಭ್ಯಾಸ ಮುಂದುವರಿಸುವುದು ಜಾಣತನ. ಅದು ಹೊಡೆತಕ್ಕೆ ಕೆಡುವುದಿಲ್ಲ. 10 ಮೀಟರಿನಲ್ಲಿ ಕೈ ಪಳಗಿಸಲು ಅಷ್ಟೇ ಸಾಕು.

ಅಂಗಡಿಯಲ್ಲಿ ಪರೀಕ್ಷೆ

ಸ್ಕೋಪನ್ನು ಮೇಜಿನ ಮೇಲೆ ಎರಡು ಪುಸ್ತಕಗಳ ನಡುವೆ ಅಲುಗದಂತೆ ಇರಿಸಿ, ಹತ್ತಾರು ಮೀಟರ್ ಆಚೆಯ ಗೋಡೆಯ ಕ್ಯಾಲೆಂಡರಿನ ಒಂದು ಅಂಕಿಯ ಮೇಲೆ ರೆಟಿಕಲ್ ನಿಲ್ಲಿಸಬೇಕು. ಫೋಕಸ್ ಸರಿಮಾಡಿ ಕಣ್ಣನ್ನು ಮೆಲ್ಲಗೆ ಮೇಲೆ ಕೆಳಗೆ, ಎಡಬಲಕ್ಕೆ ಆಡಿಸಿದಾಗ ಗೆರೆ ಅಂಕಿಯ ಮೇಲೇ ನಿಂತರೆ ಪ್ಯಾರಲ್ಯಾಕ್ಸ್ ಇಲ್ಲ. ಜೂಮ್ ಬಳೆ ತಿರುಗಿಸುವಾಗ ಗೆರೆಯ ಕೇಂದ್ರ ಅಂಕಿ ಬಿಟ್ಟು ಸರಿದರೆ ಆ ಸ್ಕೋಪ್ ಬೇಡ. ಟರೆಟ್ಟಿನ ಪ್ರತಿ ಕ್ಲಿಕ್ಕೂ ಬೆರಳಿಗೆ ಬೇರೆಬೇರೆಯಾಗಿ ತಿಳಿಯಬೇಕು. ಚಿತ್ರದ ಅಂಚಿನಲ್ಲಿ ಸ್ವಲ್ಪ ಮಸುಕಿದ್ದರೆ ನಡೆದೀತು, ನಡುವೆ ಇರಬಾರದು. ಕಣ್ಣಿನಿಂದ ಮೂರರಿಂದ ನಾಲ್ಕು ಇಂಚು ದೂರದಲ್ಲೂ ಚಿತ್ರ ಪೂರ್ತಿ ಕಾಣಬೇಕು. ಹೆಸರಾಂತ ಕಂಪನಿಗಳ ಹೆಸರಿನಲ್ಲಿ ನಕಲಿ ಸ್ಕೋಪುಗಳೂ ಬರುತ್ತವೆ. ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ ಸರಣಿ ಸಂಖ್ಯೆಯನ್ನು ಕಂಪನಿಯಲ್ಲೇ ವಿಚಾರಿಸಬೇಕು. ಬಿಲ್ಲು ಇಲ್ಲದೆ ವಾರಂಟಿ ನಡೆಯದು.

ಭಾರತದಲ್ಲಿ ಪರವಾನಗಿಯಿಲ್ಲದೆ ಕೊಳ್ಳಬಹುದಾದ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳು ಹಾಕಿರುವ ಮಿತಿ 4.5 ಮಿ.ಮೀ. ನಳಿಗೆ ಮತ್ತು 20 ಜೂಲ್ ಶಕ್ತಿ. ಸ್ಕೋಪ್ ಸಿಕ್ಕಿತೆಂದು ಹಕ್ಕಿ, ಅಳಿಲುಗಳ ಕಡೆ ತಿರುಗಿಸುವಂತಿಲ್ಲ. ವನ್ಯಜೀವಿಗಳಿಗೆ 1972ರ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಗುರಿಯ ಹಿಂದೆ ಪೆಲೆಟ್ ತಡೆಯುವ ಗಟ್ಟಿ ಆಸರೆ ಇರಬೇಕು, ಕಣ್ಣಿಗೆ ರಕ್ಷಣೆಯ ಕನ್ನಡಕ ಇರಬೇಕು.

ಕೂರಿಸುವುದು, ಜೀರೋ ಮಾಡುವುದು

ರೈಲಿಗೂ ಮೌಂಟಿನ ದವಡೆಗೂ ಅಂಟಿದ ಎಣ್ಣೆಯನ್ನು ಸ್ಪಿರಿಟ್‌ನಿಂದ ಒರೆಸಿ ತೆಗೆಯಬೇಕು. ಮೌಂಟ್ ತೆವಳಲು ಎಣ್ಣೆಯ ತೆಳು ಪದರವೂ ಸಾಕು. ಗೂಟ ತೂತಿಗೆ ಇಳಿದದ್ದನ್ನು ಖಚಿತ ಮಾಡಿಕೊಂಡು ಅಡಿಯ ತಿರುಪುಗಳನ್ನು ಬಿಗಿಯಬೇಕು. ಸ್ಕೋಪನ್ನು ರಿಂಗಿನಲ್ಲಿ ಸಡಿಲಾಗಿ ಇಟ್ಟು, ರೈಫಲನ್ನು ಸಹಜವಾಗಿ ಭುಜಕ್ಕೆ ಕೊಟ್ಟಾಗ ಪೂರ್ತಿ ಚಿತ್ರ ಕಾಣುವ ಜಾಗ ಹುಡುಕಬೇಕು. ಹತ್ತು ಮೀಟರ್ ದೂರದಲ್ಲಿ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು, ರೈಫಲ್ ವಾಲದಂತೆ ಹಿಡಿದು, ರೆಟಿಕಲ್ಲಿನ ಉದ್ದಗೆರೆಯನ್ನು ದಾರಕ್ಕೆ ಸರಿಹೊಂದಿಸಬೇಕು. ಆಮೇಲೆ ರಿಂಗಿನ ತಿರುಪುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಇದಕ್ಕೆ ಎರಡು ನ್ಯೂಟನ್ ಮೀಟರ್ ಒಳಗಿನ ಬಲ ಸಾಕು. ಅಲೆನ್ ಕೀಯ ಉದ್ದ ತೋಳು ಹಿಡಿದು ತಿರುಗಿಸಿದರೆ ಕೊಳವೆ ಅಮುಕಿ ಒಳಭಾಗ ಸಿಕ್ಕಿಕೊಳ್ಳಬಹುದು. ಕೊನೆಯಲ್ಲಿ ಮೌಂಟಿಗೂ ರೈಲಿಗೂ ಸೇರುವಂತೆ ಉಗುರುಬಣ್ಣದಿಂದ ಒಂದು ಸಣ್ಣ ಗೆರೆ ಎಳೆದರೆ, ಮೌಂಟ್ ತೆವಳಿದ ದಿನ ಆ ಗೆರೆ ಒಡೆದು ತೋರಿಸುತ್ತದೆ.

ಜೀರೋ ಮಾಡಲು, ಎಂದರೆ ಏಟು ಗೆರೆಯ ಮೇಲೇ ಬೀಳುವಂತೆ ಟರೆಟ್ ಹೊಂದಿಸಲು, ಮೊದಲು 10 ಮೀಟರಿನಿಂದ ಹೊಡೆಯಬೇಕು. ಒಂದೊಂದು ಗುಂಡಿಗೂ ಟರೆಟ್ ತಿರುಗಿಸದೆ, ಐದು ಗುಂಡುಗಳ ಗುಂಪಿನ ನಡುಬಿಂದು ಅಳೆದು ತಿದ್ದಬೇಕು. ನಂತರ ಹೆಚ್ಚು ಬಳಸುವ ದೂರಕ್ಕೆ ಸರಿಪಡಿಸಬಹುದು. ಹಿಂದೆ ಹೇಳಿದ ವೇಗ, ಎತ್ತರಗಳ ರೈಫಲನ್ನು 25 ಮೀಟರಿಗೆ ಜೀರೋ ಮಾಡಿದರೆ 18 ಮೀಟರಿನಲ್ಲೂ ಏಟು ಹೆಚ್ಚುಕಡಿಮೆ ಗೆರೆಯ ಮೇಲೇ ಬೀಳುತ್ತದೆ. 10 ಮೀಟರಿನಲ್ಲಿ ಮಾತ್ರ ಸುಮಾರು 12 ಮಿ.ಮೀ. ಕೆಳಗೆ.

ಹೊಸ ಸ್ಕೋಪಿನ ಒಳಭಾಗವನ್ನು ಪರೀಕ್ಷಿಸಲು ಚೌಕದ ಪರೀಕ್ಷೆ ಮಾಡಬೇಕು. ಒಂದೇ ಚುಕ್ಕೆಗೆ ಗುರಿಯಿಟ್ಟು ಮೂರು ಗುಂಡು ಹೊಡೆದು, 20 ಕ್ಲಿಕ್ ಮೇಲಕ್ಕೆ ತಿರುಗಿಸಿ ಮತ್ತೆ ಮೂರು. ಬಳಿಕ 20 ಬಲಕ್ಕೆ, 20 ಕೆಳಕ್ಕೆ, 20 ಎಡಕ್ಕೆ. ಗುಂಪುಗಳು 10 ಮೀಟರಿನಲ್ಲಿ ಸುಮಾರು 14.5 ಮಿ.ಮೀ. ಬದಿಯ ಚೌಕವಾಗಿ ನಿಂತು, ಕೊನೆಯದು ಮೊದಲಿನ ಜಾಗಕ್ಕೇ ಮರಳಬೇಕು. ಸುಮಾರು 200 ಗುಂಡುಗಳ ನಂತರ ಇದನ್ನೇ ಮತ್ತೊಮ್ಮೆ ಮಾಡಿ ನೋಡಿದರೆ ಸ್ಕೋಪ್ ಒದೆತ ತಾಳಿದೆಯೇ ಎಂಬುದು ವಾರಂಟಿ ಇರುವಾಗಲೇ ತಿಳಿಯುತ್ತದೆ.

ಏಟು ಚದುರಿದಾಗ

ಏಟು ಚದುರಿದರೆ ಮೊದಲು ಮರದ ಹಿಡಿಯ ತಿರುಪುಗಳನ್ನು ನೋಡಬೇಕು. ಸ್ಪ್ರಿಂಗ್ ರೈಫಲ್‌ನ ನಡುಕಕ್ಕೆ ಅವೇ ಮೊದಲು ಸಡಿಲಾಗುವುದು. ಆಮೇಲೆ ಮೌಂಟಿನ ತಿರುಪು, ಉಗುರುಬಣ್ಣದ ಗೆರೆ, ನಳಿಗೆ ಮಡಿಚುವ ಕೀಲಿನ ಬಿಗಿ, ಪೆಲೆಟ್ಟಿನ ಬ್ರ್ಯಾಂಡು, ಹಿಡಿಯುವ ರೀತಿ. ಇವೆಲ್ಲ ಸರಿಯಿದ್ದು, ರೈಫಲ್ ತೆರೆದ ಸೈಟಿನಲ್ಲಿ ಚೆನ್ನಾಗಿ ಹೊಡೆಯುತ್ತಿದ್ದರೆ ಮಾತ್ರ ದೋಷ ಸ್ಕೋಪಿನದು.

ಸ್ಕೋಪಿನ ಆಯಸ್ಸು ರೈಫಲ್‌ನ ಆರೈಕೆಯನ್ನೂ ಅವಲಂಬಿಸಿದೆ. ಪೆಲೆಟ್ ಇಲ್ಲದೆ ಟ್ರಿಗರ್ ಎಳೆದರೆ ಗಾಳಿಯ ತಡೆ ಇಲ್ಲದೆ ಪಿಸ್ಟನ್ ಸಿಲಿಂಡರಿನ ಕೊನೆಗೆ ಅಪ್ಪಳಿಸುತ್ತದೆ. ಗಾಳಿಯ ಕೋಣೆಗೆ ಎಣ್ಣೆ ಬಿಟ್ಟರೆ ಒತ್ತಡದ ಬಿಸಿಗೆ ಅದು ಹೊತ್ತಿ ಸಿಡಿದು ಒದೆತ ಹೆಚ್ಚುತ್ತದೆ. ಎರಡೂ ರೈಫಲ್‌ನ ಸೀಲಿಗೂ ಸ್ಕೋಪಿಗೂ ಹಾನಿ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವ ಅಪಾಯ ಬೇರೆ. ನೈಟ್ರೋಜನ್ ತುಂಬಿ ಮುಚ್ಚಿದ ಸ್ಕೋಪಿನ ಒಳಗೆ ತೇವ ಸೇರದಿದ್ದರೂ ಹೊರಮೈ ಒದ್ದೆಯಾಗಿ ಉಳಿಯಬಾರದು. ಬಟ್ಟೆ ಅಥವಾ ಚರ್ಮದ ಚೀಲದಲ್ಲಿ ಮುಚ್ಚಿಡದೆ, ಒಣಗಿಸಿದ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಧೂಳನ್ನು ಮೊದಲು ಮೆತ್ತನೆಯ ಬ್ರಷ್ಷಿನಿಂದ ಕೊಡವಿ, ನಂತರವೇ ಮಸೂರದ ಬಟ್ಟೆಯಿಂದ ಒರೆಸಬೇಕು. ಸ್ಕೋಪನ್ನು ಬಿಚ್ಚಿ ರಿಪೇರಿಗೆ ಕೈ ಹಾಕಿದರೆ ಒಳಗಿನ ನೈಟ್ರೋಜನ್ ಹೋಗುತ್ತದೆ, ವಾರಂಟಿಯೂ ಹೋಗುತ್ತದೆ. ಒಳಭಾಗ ಸಡಿಲಾದ ಸ್ಕೋಪನ್ನು ಬಿಲ್ಲಿನ ಸಮೇತ ಕಂಪನಿಗೆ ಕಳಿಸುವುದೊಂದೇ ಸರಿಯಾದ ದಾರಿ.